ಎಲ್ಲವೂ ಎಡಕ್ಕೆ ನೋಡುತ್ತಿದ್ದ ಪುಸ್ತಕ

ನನ್ನ ಗಂಡನಿಗೆ ಯಾವ ಪ್ರಾಣಿಯನ್ನಾಗಲಿ ಎಡಕ್ಕೆ ಮುಖ ಮಾಡಿ ಮಾತ್ರ ಬರೆಯಲು ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು. ಅವರು ಕೊನೆಯವರೆಗೂ ಇದನ್ನು ಒಪ್ಪಲಿಲ್ಲ. "ಬಲಕ್ಕೂ ಬರೀಬಲ್ಲೆ ಕಣೆ, ಅಗತ್ಯ ಬಿದ್ದಿಲ್ಲ ಅಷ್ಟೆ" ಎನ್ನುತ್ತಿದ್ದರು. ಅಗತ್ಯ ಬಿದ್ದ ದಿನ ಎಡಕ್ಕೇ ಬರೆದರು.

ಹಾಗೆ ಅಗತ್ಯ ಬಿದ್ದ ಆ ವರ್ಷದ ಒಂದು ಬೆಳಗಿನಿಂದ ಈಚೆಗೆ ನಾನು ಎಡ ಎಂದೋ ಬಲ ಎಂದೋ ಹೇಳಬೇಕಾದಾಗ ಊಟ ಮಾಡುವ ಕೈ ಯಾವುದೆಂದು ಒಮ್ಮೆ ನೋಡಿಕೊಳ್ಳುತ್ತೇನೆ. ಇದನ್ನು ಬರೆಯುವಾಗಲೂ ನೋಡಿಕೊಂಡಿದ್ದೇನೆ. ಓದುವವರೂ ಒಮ್ಮೆ ನೋಡಿಕೊಂಡರೆ ನಷ್ಟವಿಲ್ಲ.

ಅವರು ಮಳವಳ್ಳಿಯ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದರು. ನಮ್ಮ ಊರು ಅಲ್ಲಿಂದ ನಡೆದು ಹೋಗುವಷ್ಟು ದೂರ, ನಾಲೆಯ ಮಗ್ಗುಲಿಗೆ. ಯುದ್ಧದ ಕಾಲ. ಸೀಮೆಎಣ್ಣೆ ಇಲ್ಲ, ಕಾಗದ ಇಲ್ಲ. ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು, ಅಂದರೆ ಏರು ಬಂದಲ್ಲಿ ಓಡುತ್ತಿರಲಿಲ್ಲ, ಜನ ಇಳಿದು ತಳ್ಳುತ್ತಿದ್ದರು. ಇಂಥ ಹೊತ್ತಿನಲ್ಲಿ ಮೇಲಿನವರಿಗೆ ಒಂದು ಯೋಚನೆ ಹೊಳೆಯಿತು. ಪ್ರತಿ ಶಾಲೆಯಲ್ಲೂ ಸುತ್ತಲಿನ ಗಿಡ, ಹಕ್ಕಿ, ಹುಳುಗಳನ್ನು ಕಣ್ಣಾರೆ ನೋಡಿ, ಚಿತ್ರ ಬರೆದು, ಕಂಡದ್ದನ್ನು ಪಕ್ಕದಲ್ಲಿ ಬರೆದಿಡುವ ಪ್ರಕೃತಿ ಪುಸ್ತಕವೊಂದು ಇರಬೇಕು, ಇನ್‌ಸ್ಪೆಕ್ಟರು ಬಂದಾಗ ತೋರಿಸಬೇಕು. ಹೆಡ್‌ಮೇಷ್ಟರು ಈ ಕೆಲಸವನ್ನು ನನ್ನ ಗಂಡನ ತಲೆಗೆ ಕಟ್ಟಿದರು. ಕಾರಣ, ಇವರ ಅಕ್ಷರ ದುಂಡಗಿತ್ತು. ಅಕ್ಷರ ದುಂಡಗಿದ್ದವನು ಬರೆದ ಹಕ್ಕಿಯೂ ದುಂಡಗಿರುತ್ತದೆ ಎಂದು ಅವರ ಎಣಿಕೆ. ಇತ್ತು ಕೂಡ. ಇವರು ಮೊದಲು ಬರೆದ ಕೊಕ್ಕರೆಯನ್ನು ನಮ್ಮ ಅತ್ತೆ ಕುಂಬಳಕಾಯಿ ಎಂದುಕೊಂಡು, "ತೊಟ್ಟು ಯಾಕಪ್ಪಾ ಇಷ್ಟುದ್ದ ಬುಟ್ಟಿದ್ದೀಯ?" ಎಂದು ಕೇಳಿದರು.

ಚಿತ್ರ ಕಲಿಸುವ ಹಳೆಯ ಪುಸ್ತಕವೊಂದು ಶಾಲೆಯ ಬೀರುವಿನಲ್ಲಿತ್ತು. ಅದರ ಅರ್ಧವನ್ನು ಗೆದ್ದಲು ತಿಂದಿತ್ತು. ಉಳಿದ ಅರ್ಧದಲ್ಲಿ ಮೊದಲು ಒಂದು ಮೊಟ್ಟೆ ಬರಿ, ಅದಕ್ಕೆ ಚಿಕ್ಕ ಮೊಟ್ಟೆ ಜೋಡಿಸು, ನಾಲ್ಕು ಗೆರೆ ಎಳಿ, ಕುದುರೆ ಆಯಿತು ಎಂಬ ಥರದ ಪಾಠಗಳಿದ್ದವು. ಅಲ್ಲಿದ್ದ ಕುದುರೆ, ನಾಯಿ, ಬಾತುಕೋಳಿ ಎಲ್ಲವೂ ಎಡಕ್ಕೆ ನೋಡುತ್ತಿದ್ದವು. ಬಲಕ್ಕೆ ನೋಡುವ ಪಾಠ ಗೆದ್ದಲಿನ ಹೊಟ್ಟೆ ಸೇರಿತ್ತೋ ಏನೋ. ಆಮೇಲೆ ನಾನೇ ಬರೆಯಲು ಕಲಿತಾಗ ಇದರ ಗುಟ್ಟು ತಿಳಿಯಿತು. ಬಲಗೈಯಲ್ಲಿ ಬರೆಯುವವರಿಗೆ ಮೂಗು, ಹಣೆ, ಗದ್ದಗಳ ಗೆರೆ ಎಡಗಡೆಗೆ ಸಲೀಸಾಗಿ ಬಾಗುತ್ತದೆ. ಬಲಕ್ಕೆ ತಿರುಗಿಸಿದರೆ ಅದೇ ಕೈ ಹೊಸ ಸೊಸೆಯ ಹಾಗೆ ಎಡವುತ್ತದೆ.

ಹೊಸ ಸೊಸೆ ನಾನೇ ಆಗಿದ್ದೆ. ಮಂಡ್ಯದ ಗುತ್ತಲಿನವಳು, ಮಿಡ್ಲ್ ಸ್ಕೂಲು ಮುಗಿಸಿದವಳು. ಓದಿದ ಸೊಸೆ ಬಂದಳೆಂದು ಅತ್ತೆಗೆ ಮೊದಲೊಂದು ಭಯವಿತ್ತು. ರಾಗಿ ಬೀಸಲು ಕೂರಿಸಿದ ಮೇಲೆ ಭಯ ಹೋಯಿತು. ಸಂಜೆ ಜಗುಲಿಯಲ್ಲಿ ಗಂಡ ಬರೆಯುವುದನ್ನು ನಿಂತು ನೋಡುತ್ತಿದ್ದವಳು ಒಂದು ದಿನ, "ಬೆಳ್ಳಕ್ಕಿಗೆ ಕಾಲು ಕಪ್ಪು, ಪಾದ ಮಾತ್ರ ಹಳದಿ" ಎಂದೆ. ಗದ್ದೆಯ ಬದುವಿನ ಮೇಲೆ ನಿತ್ಯ ನೋಡುತ್ತಿದ್ದೆ. ಅರಿಶಿನ ತುಳಿದು ಬಂದ ಮದುಮಗಳ ಹಾಗೆ ಅದು ಪಾದ ಎತ್ತಿಟ್ಟು ನಡೆಯುತ್ತಿತ್ತು. ಇವರು ನಂಬಲಿಲ್ಲ. ಮರುದಿನ ಶಾಲೆಗೆ ಹೋಗುವಾಗ ಗದ್ದೆಗೆ ಇಳಿದು, ಕೆಸರು ಮೆತ್ತಿಕೊಂಡು ನೋಡಿ ಬಂದರು. ಅಂದಿನಿಂದ ಕೆಲಸ ಹಂಚಿಕೆಯಾಯಿತು. ಮೈಯ ಹೊರಗೆರೆ ಇವರದು, ಒಳಗಿರುವುದೆಲ್ಲ ನನ್ನದು. ರೆಕ್ಕೆಯ ಪಟ್ಟೆ, ಕಣ್ಣಿನ ಸುತ್ತಿನ ಬಣ್ಣ, ಉಗುರು, ಮಚ್ಚೆ. ಇದ್ದದ್ದನ್ನು ಇದ್ದಲ್ಲೇ, ಇದ್ದಷ್ಟೇ ಇಡಬೇಕೆಂದು ನನಗೆ ಹಟ.

ಹಾಳೆ ಎಂದರೆ ಹಳೆಯ ಪರೀಕ್ಷೆ ಕಾಗದಗಳ ಹಿಂಬದಿ, ಸೇರಿಸಿ ದಬ್ಬಳದಲ್ಲಿ ಹೊಲಿದದ್ದು. ಬಣ್ಣ ಎಂದರೆ ದೀಪದ ಕಾಡಿಗೆ, ಅವರೆ ಎಲೆಯ ರಸ, ಬಟ್ಟೆಗೆ ಹಾಕುವ ನೀಲಿ, ಮತ್ತೆ ಅರಿಶಿನ. ಕುಂಚ ಎಂದರೆ ತುದಿ ಅಗಿದ ಈಚಲು ಕಡ್ಡಿ. ಅರಿಶಿನದ ಬಟ್ಟಲು ಬರಿದಾದದ್ದು ಕಂಡ ದಿನ ಅತ್ತೆ ನಡುಮನೆಯಲ್ಲಿ ನಿಂತು ಕೂಗಿದರು: "ಸಾರಿಗಿಲ್ಲದ ಅರಿಸಿನ ಕಾಡು ಗುಬ್ಬಚ್ಚಿಗಾ? ಅದಕ್ಕೇನು ಸೋಬನ ಮಾಡ್ತೀರಾ?"

ಪುಸ್ತಕ ತುಂಬುತ್ತಾ ಬಂದಂತೆ ಅದರೊಳಗಿನ ಸಮಸ್ತ ಜೀವರಾಶಿಯೂ ಎಡಕ್ಕೆ ನೋಡುತ್ತಿತ್ತು. ಮಿಂಚುಳ್ಳಿ, ಓತಿಕ್ಯಾತ, ಅಳಿಲು, ಮುಂಗುಸಿ, ಕೊನೆಗೆ ಬಸವನಹುಳು ಕೂಡ. ನಮ್ಮ ಜಗುಲಿಯಲ್ಲಿ ಉತ್ತರಕ್ಕೆ ಮುಖ ಮಾಡಿ ಕೂತರೆ ಎಡಕ್ಕೆ ಮೈಸೂರು. ಅತ್ತೆ ಒಂದೊಂದೇ ಹಾಳೆ ತಿರುವಿ, "ಎಲ್ಲಾವೂ ಒಟ್ಗೆ ಮೈಸೂರಿಗೆ ಒಂಟವಲ್ಲಪ್ಪಾ, ದಸರಾ ಬಂತಾ?" ಎಂದರು.

"ಅವ್ವ, ಅದು ಚಿತ್ರಕಲೆಯ ಕ್ರಮ" ಎಂದರು ನನ್ನ ಗಂಡ.

"ಬುಡು ಬುಡು, ಕಂಡಿವ್ನಿ ನಿನ್ ಕ್ರಮವ. ಮುಂಗ್ಸಿ ಒಂದ್ಸಲ ಎಡಕ್ಕೆ ಓದ್ರೆ ಒಳ್ಳೇದು, ಬಲಕ್ಕೆ ಓದ್ರೆ ಕೆಟ್ಟದ್ದು ಅಂತ ನಾವು ನೋಡೋರು. ನಿನ್ ಪುಸ್ತಕದಲ್ಲಿ ಸಕುನಾನೇ ಇಲ್ವಲ್ಲ!"

ಇಷ್ಟು ನಮ್ಮ ಪುಸ್ತಕದ ಸಂಗತಿ. ಇನ್ನು ಭಾವನ ಸಂಗತಿ.

ಭಾವ ಅಂದರೆ ನನ್ನ ಗಂಡನ ಅಣ್ಣ. ಹೊಲ ಗದ್ದೆ ನೋಡಿಕೊಳ್ಳುತ್ತಿದ್ದವರು ಅವರೇ. ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಕರೆದುಕೊಂಡು ಹೋದಾಗಲೆಲ್ಲ ಆ ಮನೆಯ ಕೊಟ್ಟಿಗೆಗೆ ನುಗ್ಗಿ ದನ ನೋಡಿ ಬರುತ್ತಿದ್ದರಂತೆ. ಹುಡುಗಿ ಹೇಗಿದ್ದಳೆಂದು ಕೇಳಿದರೆ, "ಅಸ ಚೆನ್ನಾಗದೆ" ಎನ್ನುತ್ತಿದ್ದರಂತೆ. ಕೊನೆಗೆ ಅತ್ತೆ ಕೈಬಿಟ್ಟು ಚಿಕ್ಕಮಗನಿಗೆ ಮೊದಲು ಮಾಡಿದರು. ನಮ್ಮ ಕಡೆ ಗಂಡನ ಅಣ್ಣ ತಮ್ಮನ ಹೆಂಡತಿಯೊಡನೆ ಮುಖ ಕೊಟ್ಟು ಮಾತಾಡುವ ರೂಢಿ ಇರಲಿಲ್ಲ. ಭಾವ ಆ ರೂಢಿಯನ್ನು ಪಾಲಿಸಿಯೂ ಮುರಿದಿದ್ದರು. ನನಗೆ ಹೇಳಬೇಕಾದುದನ್ನು ಎತ್ತಿಗೆ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದರೆ, "ಇವತ್ತು ಮುದ್ದೆಗೆ ಉಪ್ಪೆಸರು ಮಾಡಿದ್ರೆ ಎಂಗಿರ್ತದಪ್ಪಾ ದೊಡ್ಡೋನೆ?" ಎಂದು ಎತ್ತನ್ನು ಕೇಳುತ್ತಿದ್ದರು. ನಾನು ಒಳಗೆ ಹೋಗಿ ಉಪ್ಪೆಸರು ಮಾಡುತ್ತಿದ್ದೆ. ಎತ್ತಿಗೆ ಉಪ್ಪೆಸರಿನ ಮೇಲೆ ಬಹಳ ಆಸೆ ಎಂದು ನಾವು ಗಂಡ ಹೆಂಡತಿ ನಗುತ್ತಿದ್ದೆವು.

ಎತ್ತುಗಳು ಎರಡಿದ್ದವು. ಹಳ್ಳಿಕಾರ್ ತಳಿ, ಬೂದಿ ಬಣ್ಣ, ಹಿಂದಕ್ಕೆ ಬಾಗಿದ ನೀಳ ಕೊಂಬು. ಕರುಗಳಾಗಿದ್ದಾಗಲೇ ಭಾವ ಜೊತೆ ಮಾಡಿ ಸಾಕಿದ್ದವು. ಎಷ್ಟು ಒಂದೇ ಥರ ಎಂದರೆ ನನಗೆ ಗುರುತು ಸಿಗುತ್ತಿದ್ದದ್ದು ಕಟ್ಟಿದ ಜಾಗದಿಂದ ಮಾತ್ರ. ಗೋಡೆಯ ಕಡೆಗೆ ನಿಲ್ಲುವುದು ದೊಡ್ಡೋನು. ಅದು ನೊಗದಲ್ಲೂ ಯಾವಾಗಲೂ ಎಡಗಡೆ. ಅದರ ಬಲಕ್ಕೆ ನಿಲ್ಲುವುದು ಇನ್ನೊಂದು. ಅದು ನೊಗದಲ್ಲೂ ಬಲಗಡೆ.

ಆ ಬೇಸಿಗೆಯ ಕೊನೆಯಲ್ಲಿ ಬಲಗಡೆಯದು ಹೊಟ್ಟೆ ಉಬ್ಬರಿಸಿ ಸತ್ತಿತು. ಬೆಳಿಗ್ಗೆ ಸರಿಯಿತ್ತು, ಸಂಜೆ ಹೊತ್ತಿಗೆ ಇಲ್ಲ. ಭಾವ ಅಳಲಿಲ್ಲ. ಹೂತು ಬಂದು ಮೈ ತೊಳೆದು ಜಗುಲಿಯಲ್ಲಿ ಕೂತರು, ಮುದ್ದೆ ಮುಟ್ಟಲಿಲ್ಲ. ಕೊಟ್ಟಿಗೆಯಲ್ಲಿ ದೊಡ್ಡೋನೂ ಹುಲ್ಲು ಮುಟ್ಟಲಿಲ್ಲ.

ಒಂಟಿ ಎತ್ತಿಗೆ ನಮ್ಮ ಕಡೆ ಒಂದೇ ದಾರಿ, ಗಾಣ. ಮಳವಳ್ಳಿಯ ಗಾಣದವನು ಸುದ್ದಿ ತಿಳಿದ ಕೂಡಲೇ ಬಂದ. ಗಾಣದಲ್ಲಿ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಅದು ಎಲ್ಲಿಗೋ ಹೋಗುತ್ತಿದ್ದೇನೆಂದುಕೊಂಡು ಸುತ್ತುತ್ತಲೇ ಇರುತ್ತದೆ. ಭಾವ ಅವನಿಗೆ ಎಲೆ ಅಡಿಕೆ ಕೊಟ್ಟು ಕಳಿಸಿದರು, ಮಾತು ಕೊಡಲಿಲ್ಲ. ಆದರೆ ನಾಲೆಗೆ ನೀರು ಬಿಡುವ ದಿನ ಹತ್ತಿರ ಬರುತ್ತಿತ್ತು. ಉಳುಮೆಗೆ ಬೇರೆಯವರ ಜೋಡಿ ತಂದರೆ ನಾವೂ ಒಂದು ಜೋಡಿ ಕಳಿಸಿ ಮುಯ್ಯಿ ತೀರಿಸಬೇಕು. ಅರ್ಧ ಜೋಡಿಯಲ್ಲಿ ಮುಯ್ಯಿ ತೀರುವುದಿಲ್ಲ. ಅತ್ತೆ ಕಡ್ಡಿ ಮುರಿದಂತೆ ಹೇಳಿದರು: "ನೀರು ಬರೋದ್ರೊಳಗೆ ಇದಕ್ಕೊಂದು ಜೊತೆ ಸಿಕ್ತೋ, ಸರಿ. ಇಲ್ದಿದ್ರೆ ಇದ ಗಾಣಕ್ಕೆ ಮಾರಿ ಬ್ಯಾರೆ ಜೋಡಿ ತತ್ತೀವಿ. ಮನೆ ಮಂದಿ ನಿನ್ನೆತ್ತಿನ ಮೊಕ ನೋಡ್ಕೊಂಡು ಉಪಾಸ ಬೀಳಕಾಯ್ತದಾ?"

ಭಾವ ಎದ್ದು ಕೊಟ್ಟಿಗೆಗೆ ಹೋದರು. ಆ ಮಧ್ಯಾಹ್ನ ಅಲ್ಲಿಂದ ಅವರ ದನಿ ಕೇಳಿತು. "ಮದ್ದೂರಿನ ಮಾವ ಎಲ್ಲಾ ದನದ ಸಂತೆ ಸುತ್ತೋನು. ಅವನ ಕೈಗೆ ನಿನ್ ಚಿತ್ರ ಕೊಟ್ರೆ ನಿನ್ನಂಥದ್ದೇ ಉಡುಕ್ತಾನೆ. ಇಲ್ಲಿ ಚಿತ್ರ ಬರೆಯೋರು ಯಾರಾರ ಅವರೇನಪ್ಪಾ?"

ಅದು ನನಗೆ ಹೇಳಿದ್ದು. ಮದ್ದೂರಿನ ಮಾವ ಅಂದರೆ ಅತ್ತೆಯ ತಮ್ಮ. ದನದ ವ್ಯಾಪಾರದಲ್ಲಿ ಊರೂರು ತಿರುಗುತ್ತಿದ್ದವನು. ದೊಡ್ಡೋನನ್ನು ಕರುವಾಗಿದ್ದಾಗ ಕಂಡಿದ್ದನಷ್ಟೇ. ಎತ್ತನ್ನು ಅಲ್ಲಿಗೆ ನಡೆಸಿಕೊಂಡು ಹೋಗೋಣವೆಂದರೆ ಜೊತೆಯಿಲ್ಲದೆ ಅದು ಊರ ಗಡಿ ದಾಟಲು ಒಲ್ಲದು. ಬಿಟ್ಟು ಹೋಗೋಣವೆಂದರೆ ಭಾವನಿಲ್ಲದೆ ಅದು ಹುಲ್ಲು ಮುಟ್ಟದು. ಹಾಗಾಗಿ ಚಿತ್ರವೇ ಹೋಗಬೇಕಾಯಿತು.

ನನ್ನ ಗಂಡ ಶಾಲೆಯಿಂದ ಹರಿದ ಒಂದು ನಕಾಶೆ ತಂದರು. ಅದರ ಬೆನ್ನ ಕಡೆ ಬಿಳಿಯಿತ್ತು. ಕೊಟ್ಟಿಗೆಯಲ್ಲಿ ದೊಡ್ಡೋನು ತನ್ನ ಜಾಗದಲ್ಲಿ, ಗೋದಲಿಗೆ ಮುಖ ಮಾಡಿ ನಿಂತಿತ್ತು. ಅದರ ಎಡಕ್ಕೆ ಗೋಡೆ. ಆದ್ದರಿಂದ ಕೂರಲು ಇದ್ದ ಜಾಗ ಬಲಗಡೆಯದು ಒಂದೇ, ಸತ್ತ ಎತ್ತಿನ ಜಾಗ. ನಾನು ಹಿಂಜರಿದೆ. ಭಾವ ದೊಡ್ಡೋನ ಬೆನ್ನು ಸವರುತ್ತಾ, "ಅಲ್ಲಿ ಕೂತ್ರೆ ಅವನೇನೂ ಅನ್ಕಳಕಿಲ್ಲ ಅಲ್ವಾ? ನೆಲ ಬೆಚ್ಚಗದೆ" ಎಂದರು. ಕೂತೆವು.

ಈಗ ನಿಧಾನವಾಗಿ ಹೇಳುತ್ತೇನೆ. ಎತ್ತಿನ ಬಲಗಡೆ ಕೂತವರಿಗೆ ಎತ್ತಿನ ತಲೆ ತಮ್ಮ ಬಲಕ್ಕೆ ಕಾಣುತ್ತದೆ. ನಮಗೂ ಹಾಗೇ ಕಂಡಿತು. ನನ್ನ ಗಂಡ ಚೆನ್ನಾಗಿ ನೋಡಿದರು, ಕಣ್ಣು ಕಿರಿದು ಮಾಡಿದರು, ಕಡ್ಡಿ ಹಿಡಿದು ಕೊಂಬಿನ ಉದ್ದ ಅಳೆದರು, ಆಮೇಲೆ ಎತ್ತನ್ನು ಎಡಕ್ಕೆ ಮುಖ ಮಾಡಿ ಬರೆದರು.

"ತಲೆ ಆ ಕಡೆಗಲ್ವಾ ಇರೋದು?" ಎಂದೆ.

"ತಲೆ ಎಲ್ಲಿದ್ರೇನೆ? ಎತ್ತು ಎತ್ತೇ."

ಹೊರಗೆರೆ ಮಾತ್ರ ಈ ಸಲ ಬಲು ಚೆನ್ನಾಗಿ ಬಂದಿತ್ತು, ದುಂಡಗಿರಲಿಲ್ಲ. ಅದನ್ನು ನೋಡಿ ನನಗೂ ಉಮೇದು ಬಂತು. ನನ್ನ ಪಾಲಿನದಕ್ಕೆ ಇಳಿದೆ. ಕೊಂಬಿನ ಬುಡದ ಬಳೆಗಳು, ಹಣೆಯ ಸುಳಿ, ಹೆಗಲ ಮೇಲಿನ ಇಣಿಯ ಮಡಿಕೆ, ಕತ್ತಿನಡಿಯ ಗಂಗೆದೊಗಲಿನ ಜೋಲು. ಪಕ್ಕೆಯ ಮೇಲೆ ಅಂಗೈ ಅಗಲದಷ್ಟು ಜಾಗದಲ್ಲಿ ಕೂದಲು ಸವೆದು ತೊಗಲು ಕಪ್ಪಗೆ ಮಿನುಗುತ್ತಿತ್ತು. ಅದನ್ನೂ ಬಿಡದೆ, ಆಕಾರ ಕೆಡದಂತೆ, ಕಾಡಿಗೆಯಲ್ಲಿ ತುಂಬಿದೆ. ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಬರೆದೆ. ಕಂಡದ್ದು ಬಲ ಪಕ್ಕೆ. ಬರೆದದ್ದು ಎಡಕ್ಕೆ ನೋಡುವ ಎತ್ತಿನ ಮೈಮೇಲೆ, ಅಂದರೆ ಎಡ ಪಕ್ಕೆಗೆ.

ಚಿತ್ರವನ್ನು ಸುರುಳಿ ಸುತ್ತಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಮದ್ದೂರಿಗೆ ಕಳಿಸಿದೆವು. ಭಾವ ಅದನ್ನು ಬಿಚ್ಚಿ ನೋಡಲಿಲ್ಲ. ಎದುರಿಗೇ ಎತ್ತು ನಿಂತಿರುವಾಗ ಕಾಗದ ಯಾಕೆ ನೋಡಬೇಕು ಎಂದಿರಬೇಕು. ಬಸ್ಸಿನಲ್ಲಿದ್ದವರು ಮಾತ್ರ ಎಲ್ಲರೂ ನೋಡಿದರಂತೆ. ಬಸ್ಸು ಏರಿನಲ್ಲಿ ನಿಂತಾಗ ಕಂಡಕ್ಟರು ಅದನ್ನು ಬಾನೆಟ್ಟಿನ ಮೇಲೆ ಹರಡಿ, ಹಲ್ಲು ಎಷ್ಟು, ವಯಸ್ಸು ಎಷ್ಟು ಎಂದು ಚರ್ಚೆ ನಡೆಸಿದನಂತೆ. ಮರಳಿ ಬಂದವನು ಅತ್ತೆಗೆ ಹೇಳಿದ: "ಗಂಡು ಎಲ್ರಿಗೂ ಒಪ್ಗೆ ಆಯ್ತು ಕಣಮ್ಮ."

"ನನ್ ಮಗನಿಗೆ ಎಣ್ಣು ಸಿಕ್ಲಿಲ್ಲ, ಅವನೆತ್ತಿಗೆ ಸಂಬಂದ ನೋಡ್ತಾ ಇವ್ನಿ" ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಮಾವ ನೀರು ಬರುವ ಮುಂಚೆಯೇ ಬಂದ, ಎತ್ತಿನ ಸಮೇತ. ಊರೇ ಸೇರಿತು. ಅದೇ ಬೂದಿ ಬಣ್ಣ, ಅದೇ ಎತ್ತರ, ಕೊಂಬಿನ ಬಾಗೂ ಅದೇ. ಹಣೆಯ ಸುಳಿ ಕೂಡ ಅಲ್ಲೇ. ಸ್ವಲ್ಪ ಚಿಕ್ಕ ವಯಸ್ಸು, ಅಷ್ಟೇ ವ್ಯತ್ಯಾಸ. ಅತ್ತೆ ಆರತಿ ಎತ್ತಿದರು. ಮಾವ ಮೀಸೆ ತಿರುವುತ್ತಾ, "ಏನ್ಲಾ, ಎಂಗೆ? ಈ ಮಾವ ಅಂದ್ರೆ ಏನ್ಕೊಂಡೆ?" ಎಂದು ಭಾವನ ಬೆನ್ನು ಗುದ್ದಿದ.

ಭಾವ ಹೊಸ ಎತ್ತನ್ನು ನೆಟ್ಟಗೆ ನೋಡಲೇ ಇಲ್ಲ. ಹಳೆಯದರ ಎದುರಿಗೆ ಹೊಸದನ್ನು ಕೊಂಡಾಡಿದರೆ ಅದಕ್ಕೆ ಬೇಸರವಾದೀತು ಎಂಬಂತೆ ತಲೆ ತಗ್ಗಿಸಿ, ಅದನ್ನು ಹೊರಗೆ ಹೊಂಗೆ ಮರಕ್ಕೆ ಕಟ್ಟಿ ಹುಲ್ಲು ಹಾಕಿದರು. ನಾನು ಹತ್ತಿರ ಹೋಗಿ ನೋಡಿದೆ. ಅದರ ಬಲ ಪಕ್ಕೆಯಲ್ಲೂ ಅಂಗೈ ಅಗಲದ ಸವೆದ ಗುರುತಿತ್ತು. ದೊಡ್ಡೋನಿಗೆ ಇದ್ದದ್ದೂ ಬಲ ಪಕ್ಕೆಯಲ್ಲೇ. ಆಹಾ, ಅದೂ ಹೊಂದಿತಲ್ಲ ಎಂದು ಹಿಗ್ಗಿದೆ.

ಮರುದಿನ ಬೆಳಿಗ್ಗೆ ಭಾವ ನೇಗಿಲು ಹೂಡಿದರು. ದೊಡ್ಡೋನು ಎಡಕ್ಕೆ, ಹೊಸದು ಬಲಕ್ಕೆ. ನಾನು ಪ್ರಕೃತಿ ಪುಸ್ತಕ ಹಿಡಿದು ಬದುವಿನ ಮೇಲೆ ಕೂತಿದ್ದೆ. ಉಳುಮೆಯ ಹಿಂದೆ ಹುಳು ಹೆಕ್ಕಲು ಬರುವ ಗೊರವಂಕ, ಬೆಳ್ಳಕ್ಕಿಗಳನ್ನು ಬರೆದುಕೊಳ್ಳಬೇಕೆಂದಿದ್ದೆ. ಮಾವ ಪಕ್ಕದಲ್ಲೇ ನಿಂತು ಬೀಡಿ ಹಚ್ಚಿದ್ದ. ನನ್ನ ಗಂಡ ಶಾಲೆಗೆ ಹೊರಟವರು ನೋಡಿಕೊಂಡೇ ಹೋಗೋಣವೆಂದು ನಿಂತಿದ್ದರು.

ಹೊಸ ಎತ್ತು ನಾಲ್ಕು ಹೆಜ್ಜೆ ಇಡಲಿಲ್ಲ, ಕತ್ತು ಕೊಡವಿತು. ಅದಕ್ಕೆ ಎಡಕ್ಕೆ ಬರಬೇಕು. ಎಡಕ್ಕೆ ದೊಡ್ಡೋನಿದೆ. ಅದು ಭುಜದಿಂದ ದೊಡ್ಡೋನನ್ನು ತಳ್ಳಿತು. ತನ್ನ ಜಾಗ ಬಿಟ್ಟುಕೊಡದ ದೊಡ್ಡೋನು ಇನ್ನೂ ಎಡಕ್ಕೆ ಸರಿಯಿತು. ಹೊಸದು ಮತ್ತೆ ತಳ್ಳಿತು. ಹೀಗೆ ಎರಡೂ ಸೇರಿ ಎಡಕ್ಕೆ ತಿರುಗುತ್ತಾ, ತಿರುಗುತ್ತಾ ವೇಗ ಹಿಡಿದವು. ನೇಗಿಲಿನ ಕುಳ ಮಣ್ಣಿನಿಂದ ಎದ್ದು ಬಂತು. ಭಾವ ನೇಗಿಲಿನ ಹಿಡಿಯಾದ ಮೇಣಿ ಬಿಡದೆ ಎಳೆದಾಡಿಸಿಕೊಂಡು ಬರುತ್ತಿದ್ದರು. ಎಡಕ್ಕೆ ಇದ್ದದ್ದು ಬದು. ಬದುವಿನ ಮೇಲೆ ಇದ್ದದ್ದು ನಾನು.

"ಏಳವ್ವಾ! ಏಳೂ, ಎದ್ದೋಗೂ!"

ಭಾವ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ಆ ಆಶ್ಚರ್ಯಕ್ಕೇ ನಾನು ಅರೆಗಳಿಗೆ ಕೂತೇ ಇದ್ದೆ. ಆಮೇಲೆ ಪಕ್ಕದ ಕಾಲುವೆಗೆ ಬಿದ್ದೆನೋ ಹಾರಿದೆನೋ ಹೇಳಲಾರೆ. ತಲೆಯೆತ್ತಿ ನೋಡಿದಾಗ ನಾನು ಕೂತಿದ್ದ ಜಾಗದ ಹುಲ್ಲನ್ನು ಕುಳ ಹೆರೆದುಕೊಂಡು ಹೋಗಿತ್ತು. ಎತ್ತುಗಳು ಬದು ಹತ್ತಿ, ನೊಗ ಓರೆಯಾಗಿ, ಬುಸುಗುಟ್ಟುತ್ತಾ ನಿಂತಿದ್ದವು. ಪುಸ್ತಕದ ಮೇಲೆ ಹೊಸ ಎತ್ತಿನ ಒಂದು ಕಾಲಿತ್ತು.

ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಬೈಗುಳ ಶುರುವಾಯಿತು.

"ಇದು ಎಡಗಡೆ ಎತ್ತು ಕಣ್ ಮಾವ! ನಂದೂ ಎಡಗಡೇದೆ! ಎಲ್ಡು ಎಡಗಡೇವ ಕಟ್ಕೊಂಡು ಏನ್ ಮಾಡ್ಲಿ, ಗಿರಗಿಟ್ಲೆ ಆಡ್ಲಾ?" ಎಂದರು ಭಾವ.

"ಏಯ್, ನಿಂದು ಬಲಗಡೇದು ಕಣ್ಲಾ!" ಮಾವ ಗುಡುಗಿದ. "ಮೂವತ್ತು ಸಂತೆ ಸುತ್ತಿವ್ನಿ, ನಂಗೇಳ್ಕೊಡ್ತೀಯಾ?" ಎಂದವನೇ ಮನೆಗೆ ಹೋಗಿ ಸುರುಳಿ ತಂದು ಬದುವಿನ ಮೇಲೆ ಹರಡಿದ. "ನೋಡ್ಲಾ ಇಲ್ಲಿ. ನೇಗಿಲಿನ ಉದ್ದ ಮರ, ಗಾಡಿ ಮೂಕಿ, ಎಲ್ಡೂ ಬರೋದು ಎತ್ತುಗಳ ಮದ್ಯಕ್ಕೆ. ಉಜ್ಜಿ ಉಜ್ಜಿ ಕೂದ್ಲು ಓಗೋದು ಒಳಗಡೆ ಪಕ್ಕೇದು. ಇದಕ್ಕೆ ಓಗಿರೋದು ಎಡ ಪಕ್ಕೇದು. ಅಂದ್ಮೇಲೆ ಇದು ನಿಲ್ಲೋದು ಬಲಕ್ಕೆ! ಚಿತ್ರ ನೋಡ್ದೇಟ್ಗೇ ತಿಳ್ಕೊಂಡೆ, ಯಾರ್ನೂ ಕೇಳ್ಲಿಲ್ಲ ನಾನು."

ಮಾವ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಸಂಕಟ ಅದೇ. ನಾನು ಸವೆದ ಗುರುತನ್ನು ಎಷ್ಟು ಚೆನ್ನಾಗಿ ಬರೆದಿದ್ದೆನೆಂದರೆ, ಅವನು ಅದನ್ನು ಓದಿದ್ದ. ನಾನು ಸ್ವಲ್ಪ ಸೋಮಾರಿಯಾಗಿದ್ದಿದ್ದರೆ ಎತ್ತು ಸರಿಯಾದದ್ದು ಬರುತ್ತಿತ್ತು. ನಾನು ಗಂಡನ ಮುಖ ನೋಡಿದೆ. ಗಂಡ ಗೊರವಂಕಗಳನ್ನು ನೋಡುತ್ತಿದ್ದರು.

"ಎಡಕ್ಕೆ ತಿರುಗಿಸಿದ್ದು ನೀವು" ಎಂದೆ.

"ಮಚ್ಚೆ ಇಟ್ಟೋಳು ನೀನು."

ಈ ವ್ಯಾಜ್ಯ ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ.

ಆದರೆ ಭಾವ ನಮ್ಮಿಬ್ಬರನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಆಗಲೇ ಮೊದಲ ಸಲ ಆ ಚಿತ್ರವನ್ನು ನೋಡುತ್ತಿದ್ದದ್ದು. ಕುಕ್ಕರುಗಾಲಿನಲ್ಲಿ ಕೂತು, ಮಣ್ಣಿನ ಕೈ ಕಾಗದಕ್ಕೆ ತಾಗದಂತೆ ಹಿಂದಕ್ಕೆ ಇಟ್ಟುಕೊಂಡು, ಬಹಳ ಹೊತ್ತು ನೋಡಿದರು. ಮಾವನ ಬೀಡಿ ಆರಿತು.

"ಇದು ದೊಡ್ಡೋನಲ್ಲ," ಎಂದರು. "ಇದು ಅವನು. ಸತ್ತೋದೋನು."

ನಮಗೆ ಆಮೇಲೆ ಅರ್ಥವಾಯಿತು. ಎರಡೂ ಒಂದೇ ಥರದ ಎತ್ತುಗಳು, ಒಂದರ ಗುರುತು ಬಲ ಪಕ್ಕೆಗೆ, ಇನ್ನೊಂದರದು ಎಡ ಪಕ್ಕೆಗೆ. ಒಂದನ್ನು ತಿರುಗಿಸಿ ಬರೆದರೆ ಇನ್ನೊಂದಾಗುತ್ತದೆ. ಸತ್ತ ಎತ್ತಿನ ಜಾಗದಲ್ಲಿ ಕೂತು ನಾವು ಸತ್ತ ಎತ್ತನ್ನೇ ಬರೆದು ಕಳಿಸಿದ್ದೆವು. ಮಾವ ಅದಕ್ಕೆ ಸರಿಯಾದ ಜೊತೆಯನ್ನೇ ತಂದಿದ್ದ. ಕುಳ ಪಕ್ಕದಲ್ಲೇ ಹಾದು ಹೋದಾಗ ಆಗದಿದ್ದ ಹೆದರಿಕೆ ನನಗೆ ಆಗ ಆಯಿತು.

ಭಾವ ಚಿತ್ರ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಎತ್ತು ಹೊಡೆದುಕೊಂಡು ಮನೆಗೆ ಹೋದರು. ಮನೆಗೆ ಬಂದರೆ ಜಗುಲಿಯ ಮೇಲೆ ಗಾಣದವನು ಕೂತಿದ್ದ. ಇಂಥವರಿಗೆ ಸುದ್ದಿ ಹೇಗೆ ತಲಪುತ್ತದೋ ದೇವರೇ ಬಲ್ಲ. ಸಂತೆಯಲ್ಲಿ ಕೈ ಮೇಲೆ ಕೈ ಹಾಕಿ ವ್ಯಾಪಾರ ಮುಗಿಸಿ ತಂದದ್ದನ್ನು ಹಿಂದಕ್ಕೆ ಹೊಡೆಯುವಂತಿಲ್ಲ. ಹಾಗಾದರೆ ಮನೆ ಬಿಡಬೇಕಾದದ್ದು ದೊಡ್ಡೋನು. ಹೊಸದಕ್ಕೆ ಬಲಗಡೆಯದೊಂದನ್ನು ಹುಡುಕಿದರಾಯಿತು ಎಂದು ಮಾವ ಗೊಣಗಿದ. ಅತ್ತೆ ಗಾಣದವನಿಗೆ ಮಜ್ಜಿಗೆ ಕೊಡಲು ಹೇಳಿದರು. ಅದು ಒಳ್ಳೆಯ ಲಕ್ಷಣವಲ್ಲ.

ನ್ಯಾಯ ತೀರ್ಮಾನ ಮಾಡಿದ್ದು ಎತ್ತುಗಳೇ. ಜಗುಲಿಯ ಗಲಾಟೆಯಲ್ಲಿ ಹಗ್ಗ ಬಿಟ್ಟಿದ್ದರಿಂದ ಹೊಸ ಎತ್ತು ತಾನಾಗಿ ಕೊಟ್ಟಿಗೆಗೆ ನುಗ್ಗಿತು. ನುಗ್ಗಿದ್ದು ನೇರ ಎಡಕ್ಕೆ, ಗೋಡೆಯ ಪಕ್ಕಕ್ಕೆ, ದೊಡ್ಡೋನ ಜಾಗಕ್ಕೆ. ಇನ್ನೇನು ಕೊಂಬಿಗೆ ಕೊಂಬು ಎಂದು ನಾನು ಮೊಗಸಾಲೆಯಲ್ಲೇ ಕಣ್ಣು ಮುಚ್ಚಿದೆ. ಸದ್ದಿಲ್ಲ. ಕಣ್ಣು ತೆರೆದರೆ ದೊಡ್ಡೋನು ಬಾಗಿಲಲ್ಲಿ ನಿಂತು ತನ್ನ ಜಾಗ ನೋಡುತ್ತಿತ್ತು. ಆಮೇಲೆ ಅದರ ಪಕ್ಕದ ಖಾಲಿ ಜಾಗದ ನೆಲವನ್ನು ಮೂಸಿತು. ಉದ್ದಕ್ಕೂ ಮೂಸಿತು, ಗೋದಲಿಯವರೆಗೂ. ಹೋಗಿ ಅಲ್ಲೇ ನಿಂತಿತು. ಜೊತೆ ಸತ್ತ ದಿನದಿಂದ ಭಾವ ಬಾಯಿಗೆ ಹಿಡಿದರೆ ಮಾತ್ರ ಒಂದಿಷ್ಟು ತಿನ್ನುತ್ತಿದ್ದದ್ದು, ತಾನಾಗಿ ತಲೆ ಹಾಕಿ ಹುಲ್ಲು ಎಳೆಯಿತು.

ಭಾವ ನನ್ನ ಹಿಂದೆಯೇ ನಿಂತಿದ್ದರು. ಜಗುಲಿಗೆ ಹೋಗಿ ಗಾಣದವನಿಗೆ, "ಎದ್ದೋಗಪ್ಪ, ಬಿಸ್ಲು ಏರ್ತದೆ" ಎಂದರು.

ಮರುದಿನ ದೊಡ್ಡೋನನ್ನು ಬಲಕ್ಕೆ ಹೂಡಿದರು. ಮಾವ ತಲೆಯಾಡಿಸಿದ. ವಯಸ್ಸಾದ ಎತ್ತು ಮಗ್ಗಲು ಬದಲಿಸುವುದಿಲ್ಲ, ಬೇಕಾದರೆ ಮೀಸೆ ಬೋಳಿಸುತ್ತೇನೆ ಎಂದ. ಮೊದಲ ಸಾಲು ಹಾವು ಹರಿದ ಹಾಗಿತ್ತು. ಎರಡನೆಯದು ಕುಡುಕ ನಡೆದ ಹಾಗಿತ್ತು. ಊಟದ ಹೊತ್ತಿಗೆ ಸಾಲು ನೆಟ್ಟಗಾಯಿತು. ನೀರು ಬರುವ ಹೊತ್ತಿಗೆ ಗದ್ದೆ ಸಿದ್ಧವಿತ್ತು. ಮಾವನ ಮೀಸೆ ಮಾತ್ರ ಉಳಿಯಿತು. ಅವನು ಅಷ್ಟರೊಳಗೆ ಬಸ್ಸು ಹಿಡಿದಿದ್ದ.

ಪುಸ್ತಕದ ಕಥೆಯನ್ನೂ ಹೇಳಬೇಕು. ಮಿಂಚುಳ್ಳಿಯ ಹಾಳೆಯ ಮೇಲೆ ಎತ್ತಿನ ಗೊರಸು ಅಚ್ಚೊತ್ತಿತ್ತು. ಇನ್‌ಸ್ಪೆಕ್ಟರು ಬಂದಾಗ ಉಳಿದ ಹಾಳೆಗಳನ್ನು ಸರಸರ ತಿರುವಿ, ಆ ಗೊರಸಿನ ಅಚ್ಚಿನ ಬಳಿ ನಿಂತು, ಇದು ಅಳತೆಗೆ ಸರಿಯಾಗಿದೆ, ಯಾರು ಬರೆದದ್ದು ಎಂದು ಕೇಳಿದರಂತೆ. ನನ್ನ ಗಂಡ ತಾನೇ ಎಂದರಂತೆ. ನಾನು ಆ ಮಳೆಗಾಲವೆಲ್ಲ ಬದುವಿನ ಮೇಲೆ, ಎತ್ತುಗಳಿಂದ ಸಾಕಷ್ಟು ದೂರದಲ್ಲಿ ಕೂತು, ಬಲಕ್ಕೆ ನೋಡುವ ಹಕ್ಕಿ ಬರೆಯಲು ಕಲಿತೆ. ದೊಡ್ಡೋನು ಅರ್ಧ ದಿನದಲ್ಲಿ ಕಲಿತದ್ದಕ್ಕೆ ನನಗೆ ಇಡೀ ಮಳೆಗಾಲ ಬೇಕಾಯಿತು. ಭಾವ ಮತ್ತೆ ಎತ್ತಿನ ಮೂಲಕವೇ ಮಾತಾಡಲು ತೊಡಗಿದ್ದರು. ಈಗ ಎರಡೂ ಎತ್ತುಗಳು ಉಪ್ಪೆಸರು ಕೇಳುತ್ತಿದ್ದವು.

ಕಬ್ಬಿನ ಗಾಡಿಗಳು ಮಂಡ್ಯದ ಕಡೆ ಹೊರಡುವ ಕಾಲ ಬಂತು. ಒಂದು ಬೆಳಿಗ್ಗೆ ಕೊಟ್ಟಿಗೆಯಿಂದ ಭಾವನ ದನಿ: "ಚಿತ್ರದೋರು ಒಂದ್ಗಳಿಗೆ ಬಂದು ನೋಡಿದ್ರೆ ನಿಂಗೇನಾರ ತೊಂದ್ರೆನೇನಪ್ಪಾ?"

ಹೋದೆ. ಅವರು ಆ ಚಿತ್ರವನ್ನು ಕೊಟ್ಟಿಗೆಯ ಗೋಡೆಗೆ, ದೊಡ್ಡೋನು ಈಗ ನಿಲ್ಲುವ ಜಾಗದ ಎದುರಿಗೆ, ಅನ್ನದ ಅಂಟಿನಿಂದ ಮೆತ್ತಿದ್ದರು. ಒಂದು ಮೂಲೆಯನ್ನು ಆಗಲೇ ಹೊಸ ಎತ್ತು ನೆಕ್ಕಿತ್ತು. ಭಾವ ದೊಡ್ಡೋನ ಎಡ ಪಕ್ಕೆಯ ಮೇಲೆ ಅಂಗೈ ಇಟ್ಟು ತೆಗೆದರು. ಅಲ್ಲಿ ಕೂದಲು ಸವೆದು ತೊಗಲು ಕಪ್ಪಗೆ ಮಿನುಗುತ್ತಿತ್ತು. ನಾನು ಊಟ ಮಾಡುವ ಕೈ ನೋಡಿಕೊಂಡೆ. ಹೌದು, ಎಡ ಪಕ್ಕೆಯೇ. ಸುತ್ತಿ ಬಂದು ಬಲ ಪಕ್ಕೆಯನ್ನೂ ನೋಡಿದೆ. ಅಲ್ಲಿ ಹೊಸ ಕೂದಲು ಬಂದು ಹಳೆಯ ಗುರುತು ಮುಚ್ಚಿಹೋಗಿತ್ತು. ಮತ್ತೆ ಗೋಡೆಯ ಕಡೆ ತಿರುಗಿದೆ. ಚಿತ್ರದಲ್ಲಿ ಒಂದು ಕೂದಲೂ ತಪ್ಪಿರಲಿಲ್ಲ.

ಸಂಜೆ ಶಾಲೆಯಿಂದ ಬಂದ ಗಂಡನಿಗೆ ಹೇಳಿದೆ. ಅವರು ಕೊಟ್ಟಿಗೆಗೆ ಹೋಗಿ, ಚಿತ್ರ ನೋಡಿ, ಎತ್ತು ನೋಡಿ, ಎದೆಯುಬ್ಬಿಸಿಕೊಂಡು ಹೊರಗೆ ಬಂದರು.

"ನೋಡ್ದಾ? ನಾನು ಸರಿಯಾಗೇ ಬರ್ದಿದ್ದೆ ಕಣೆ. ಎತ್ತು ಲೇಟು."

ಮೊರದಲ್ಲಿ ರಾಗಿ ಕೇರುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಅಂಗಾದ್ರೆ ಒಂದ್ಕೆಲ್ಸ ಮಾಡಪ್ಪ. ನಿಮ್ಮಣ್ಣ ತಾಳಿ ಕಟ್ಟೋ ಚಿತ್ರ ಒಂದ್ ಬರ್ದು ಗೋಡೆಗೆ ಮೆತ್ತು. ಯಾವ ಕಡೆ ಮೊಕ ಮಾಡಿದ್ರೂ ಚಿಂತೆ ಇಲ್ಲ."